ಬಟ್ಟೆಯ ಬಟ್ಟೆ ಹಿಡಿದು

ಹೋದ ವರ್ಷ ಆಗಸ್ಟ್ ತಿಂಗಳಲ್ಲಿ ನಮ್ಮ ವಿಭಾಗದ ಮೇಷ್ಟ್ರು ಫೋನ್ ಮಾಡಿ, ರಾಜ್ಯೋತ್ಸವದ ದಿನ ಅತಿಥಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಹೊದಿಸಲು 60 ಶಾಲುಗಳು ಬೇಕೆಂದರು. ಎರಡು ತುದಿಗಳಲ್ಲಿಯೂ ಕನ್ನಡ ವರ್ಣಮಾಲೆ ಅಚ್ಚಾಗಬೇಕು. ಬಟ್ಟೆ ನೆಲಕ್ಕೂ ನೀರಿಗೂ ಕೇಡು ಮಾಡದಂಥದ್ದಾಗಿರಬೇಕು. “ನೀನು ಅದೇ ಕಸುಬಿನಲ್ಲಿದ್ದೀಯಲ್ಲಮ್ಮ, ಸುಸ್ಥಿರ ಬಟ್ಟೆ ಯಾವುದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂದರು. ಒಪ್ಪಿಕೊಂಡೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಏಕೆಂದರೆ ಅದಕ್ಕೆ ಏಳೆಂಟು ತಿಂಗಳ ಹಿಂದೆ ಅದೇ ‘ಸುಸ್ಥಿರ’ ಎಂಬ ಪದವನ್ನು ನಾನು ಒಂದು ಸುಳ್ಳು ಬಟ್ಟೆಯ ಚೀಟಿಯ ಮೇಲೆ ಬರೆದಿದ್ದೆ.

ನನ್ನ ಊರು ತಾಳವಾಡಿ ಸೀಮೆಯದು. ತಾಳವಾಡಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಡಾ. ರಾಜಕುಮಾರ್ ಅವರ ಗಾಜನೂರು, 2000ದ ಜುಲೈ 30ರ ಆ ರಾತ್ರಿ. ಅದರಾಚೆಗೆ ನಮ್ಮ ಸೀಮೆಯ ಬಗ್ಗೆ ಯಾರೂ ಏನನ್ನೂ ಕೇಳುವುದಿಲ್ಲ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಪಕ್ಕದ ನಾವು ಮದ್ರಾಸಿನಲ್ಲಿಯೇ ಉಳಿದೆವು. ಚಾಮರಾಜನಗರ ನಮಗೆ ಹತ್ತಿರ, ಜಿಲ್ಲಾ ಕೇಂದ್ರವಾದ ಈರೋಡ್ ದೂರ. ಈರೋಡಿಗೆ ಹೋಗಬೇಕಾದರೆ ಹುಲಿ ಸಂರಕ್ಷಿತ ಕಾಡನ್ನು ಹಾದು, ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ನಾನು ಓದಿಗೆ ಉತ್ತರದ ಕಡೆ ಹತ್ತಿರದ ದಾರಿ ಹಿಡಿದು ಕನ್ನಡ ಐಚ್ಛಿಕವನ್ನು ಆರಿಸಿಕೊಂಡೆ. ಹೊಟ್ಟೆಪಾಡಿಗೆ ದಕ್ಷಿಣದ ಕಡೆ ಘಾಟಿ ಇಳಿದು ಈರೋಡಿನ ಒಂದು ಡಿಜಿಟಲ್ ಬಟ್ಟೆ ಮುದ್ರಣ ಘಟಕವನ್ನು ಸೇರಿದೆ. ಅಲ್ಲಿ ನನಗೆ ಮೊದಲು ಕೊಟ್ಟ ಕೆಲಸ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಚೀಟಿ ಬರೆಯುವುದು. ಎರಡು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲೆನೆಂದು ತಿಳಿದ ಮೇಲೆ ಬಟ್ಟೆ ಕೊಳ್ಳುವ ಹೊಣೆಯೂ ನನ್ನ ಮೇಲೆ ಬಿತ್ತು.

ಆ ಯಂತ್ರವನ್ನು ಕಾಣದವರಿಗೆ ಹೀಗೆ ಹೇಳಬಹುದು: ಕಾಗದದ ಮೇಲೆ ಶಾಯಿ ಚಿಮ್ಮಿಸುವ ಪ್ರಿಂಟರಿನ ದೊಡ್ಡಣ್ಣ ಅದು. ಹಳೆಯ ವಿಧಾನದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ ಬೇಕು. ಪರದೆಗೆ ಅಂಟಿದ ಬಣ್ಣವನ್ನು ಪ್ರತಿ ಸಲ ತೊಳೆದು ಚೆಲ್ಲಬೇಕು. ನೂರಾರು ಮೀಟರು ಅಚ್ಚು ಹಾಕದೆ ಅದರ ಖರ್ಚು ಗಿಟ್ಟುವುದಿಲ್ಲ. ಡಿಜಿಟಲ್ ಯಂತ್ರಕ್ಕೆ ಪರದೆಯೇ ಇಲ್ಲ. ಒಂದು ಮೀಟರು ಬೇಕೆಂದರೆ ಒಂದೇ ಮೀಟರು. ಬೇಕಾದಷ್ಟೇ ಶಾಯಿ ಬೇಕಾದಲ್ಲಿಯೇ ಬೀಳುತ್ತದೆ. ಇದನ್ನು ಕಂಡವರು ಈ ಮುದ್ರಣವನ್ನು ಪರಿಸರಸ್ನೇಹಿಯೆಂದು ಹೊಗಳುತ್ತಾರೆ. ಹೊಗಳಿಕೆ ಅರ್ಧ ನಿಜ. ಹತ್ತಿಯ ಮೇಲೆ ಸಾಮಾನ್ಯವಾಗಿ ಬಳಸುವ ರಿಯಾಕ್ಟಿವ್ ಶಾಯಿ ನಿಲ್ಲಬೇಕಾದರೆ ಬಟ್ಟೆಗೆ ಮೊದಲೇ ಸೋಡಾ, ಯೂರಿಯಾ ಮತ್ತು ಒಂದು ಬಗೆಯ ಗಂಜಿ ಹಚ್ಚಬೇಕು. ಅಚ್ಚಾದ ಮೇಲೆ ಹಬೆಯಲ್ಲಿ ಬೇಯಿಸಬೇಕು. ನೂಲಿಗೆ ಹಿಡಿಯದೆ ಉಳಿದ ಬಣ್ಣ ಹೋಗುವವರೆಗೂ ತೊಳೆಯಬೇಕು. ಆ ನೀರು ಎಲ್ಲಿಗೋ ಹೋಗಲೇಬೇಕಲ್ಲ.

ಎಲ್ಲಿಗೆ ಹೋಗುತ್ತದೆಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಿರುಪ್ಪೂರಿನ ಬಣ್ಣದ ಮನೆಗಳ ನೀರು ಹೊತ್ತ ನೊಯ್ಯಲ್ ನದಿಗೆ ಅಡ್ಡಲಾಗಿ ಒರತ್ತುಪಾಳಯದಲ್ಲಿ ಅಣೆಕಟ್ಟು ಕಟ್ಟಿದ್ದು ಹೊಲಗಳಿಗೆ ನೀರುಣಿಸಲೆಂದು. ಅಲ್ಲಿ ನಿಂತದ್ದು ಉಪ್ಪು, ಬಣ್ಣ. ಕೆಳಗಿನ ರೈತರು ಆ ನೀರನ್ನು ಬಿಡಬೇಡಿರೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಣೆಕಟ್ಟಿನ ನೀರು ಬೇಡವೆಂದು ರೈತರು ಕೈಮುಗಿದ ಊರನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಕೊಳೆನೀರನ್ನು ಹನಿಯೂ ಹೊರಬಿಡದೆ ಶುದ್ಧಿಮಾಡಿ ಮರುಬಳಸದ ಬಣ್ಣದ ಘಟಕಗಳನ್ನು ಮುಚ್ಚಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2011ರ ಜನವರಿಯಲ್ಲಿ ಆದೇಶ ನೀಡಿತು.

ಈಗ ನನ್ನ ಸುಳ್ಳಿನ ಕಥೆ. ಮೈಸೂರಿನ ಒಂದು ಅಂಗಡಿಯವರು ಕೈಚೀಲಗಳಿಗೆಂದು ಹತ್ತಿಯ ಅಚ್ಚುಬಟ್ಟೆ ಕೇಳಿದ್ದರು. ಪೇಟೆಯ ಒಬ್ಬ ವ್ಯಾಪಾರಿ ನೂರಕ್ಕೆ ನೂರು ಹತ್ತಿಯೆಂದು ಕೊಟ್ಟ ಥಾನುಗಳನ್ನು, ದರ ಕಡಿಮೆಯಾಯಿತೆಂಬ ಹಿಗ್ಗಿನಲ್ಲಿ, ನಾನು ಪರೀಕ್ಷಿಸದೆ ತಂದೆ. ಮಾದರಿಯ ತುಂಡನ್ನು ತೊಳೆದಾಗ ಬಣ್ಣ ಪೇಲವವಾಯಿತು. ಕಾರಣ ಹುಡುಕುವ ಬದಲು ಶಾಯಿಯ ಪ್ರಮಾಣ ಹೆಚ್ಚಿಸಿ ಮುಂದುವರಿದೆವು. ಅಂದರೆ ಇನ್ನಷ್ಟು ಬಣ್ಣ ತೊಳೆದ ನೀರಿನ ಪಾಲಾಯಿತು. ಚೀಟಿ ಬರೆಯುವ ಹೊತ್ತಿಗೆ ನನ್ನೊಳಗಿನ ಕನ್ನಡ ಪದವೀಧರೆ ಎಚ್ಚರಗೊಂಡಳು. ‘ಸುಸ್ಥಿರ ಹತ್ತಿ, ಪ್ರಕೃತಿಯ ಮಡಿಲಿನಿಂದ’ ಎಂದು ಬರೆದೆ. ಸರಕು ಹೋದ ಎರಡು ದಿನಗಳ ಮೇಲೆ, ಮೇಜಿನ ಮೇಲೆ ಉಳಿದ ಒಂದು ಎಳೆಯನ್ನು ಸುಮ್ಮನೆ ಬೆಂಕಿಗೆ ಹಿಡಿದೆ. ಹತ್ತಿಯಾದರೆ ಕಾಗದದಂತೆ ಉರಿದು ಮೆತ್ತನೆಯ ಬೂದಿ ಉದುರುತ್ತದೆ. ಇದು ಮುದುರಿ, ಕರಗಿ, ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿ ಕಟ್ಟಿತು. ಪಾಲಿಯೆಸ್ಟರ್ ಬೆರೆತಿತ್ತು. ರಿಯಾಕ್ಟಿವ್ ಶಾಯಿ ಪಾಲಿಯೆಸ್ಟರಿಗೆ ಹತ್ತುವುದಿಲ್ಲ. ಬಣ್ಣ ನಿಲ್ಲದ್ದಕ್ಕೆ ಅದೇ ಕಾರಣ. ಯಜಮಾನರಿಗೆ ಹೇಳಿದೆ. “ಅವರೇನೂ ಕೇಳಿಲ್ಲವಲ್ಲ” ಎಂದರು. ನಾನೂ ಸುಮ್ಮನಾದೆ. ಆ ಮಣಿಯನ್ನು ಮಾತ್ರ ಒಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡೆ.

ಹೀಗಾಗಿ ವಿಭಾಗದ ಶಾಲುಗಳಿಗೆ ಬಟ್ಟೆ ಹುಡುಕುವಾಗ ಚೀಟಿಯಿಂದಲ್ಲ, ಬಟ್ಟೆಯಿಂದಲೇ ಆರಂಭಿಸಬೇಕೆಂದುಕೊಂಡೆ. ಮೊದಲ ಯೋಚನೆ ಸಾವಯವ ಪ್ರಮಾಣಪತ್ರವುಳ್ಳ ಹತ್ತಿ. ಜಿಓಟಿಎಸ್ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ‘ಸಾವಯವ’ ಎಂದು ಬರೆಯಲು ಬಟ್ಟೆಯ ನಾರಿನಲ್ಲಿ ಕನಿಷ್ಠ ಶೇ. 95 ಸಾವಯವವಾಗಿರಬೇಕು. ಗಿರಣಿಯಿಂದ ಅಂಗಡಿಯವರೆಗೆ ಸರಕು ಕೈಬದಲಾದಾಗಲೆಲ್ಲ ಕಾಗದವೂ ಜೊತೆಗೆ ಸಾಗಬೇಕು. ಕಟ್ಟುನಿಟ್ಟಾದ ಕ್ರಮ, ನನಗೆ ಗೌರವವಿದೆ. ಆದರೆ ಅದು ಸಾವಿರಾರು ಮೀಟರುಗಳ ಲೋಕ. 120 ಮೀಟರು ಬೇಕೆಂದಾಗ ಫೋನಿನ ಆ ತುದಿಯಲ್ಲಿದ್ದವರು ವಿನಯದಿಂದಲೇ ನಕ್ಕರು. ಮೇಲುಕೋಟೆಯ ಜನಪದ ಸೇವಾ ಟ್ರಸ್ಟಿನ ಖಾದಿ ನೆನಪಾಯಿತು; ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರವೂ ನೆನಪಾಯಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಕುಳಿತದ್ದು ಅಲ್ಲಿಯೇ. ‘ಸುಸ್ಥಿರ’ ಎಂಬ ಪದ ನನ್ನ ಕಿವಿಗೆ ಮೊದಲು ಬಿದ್ದದ್ದೂ ಆ ಸುದ್ದಿಯ ಮೂಲಕ. ಆದರೆ ಕೈನೂಲಿನ ಖಾದಿಯ ಮೇಲ್ಮೈ ತೀರ ಉಬ್ಬುತಗ್ಗು. ಸಣ್ಣ ಅಕ್ಷರಗಳ ಗೆರೆ ಅದರ ಮೇಲೆ ಒಡೆಯುತ್ತದೆ. ರೇಷ್ಮೆ? ಮದ್ರಾಸ್ ಪ್ರಾಂತ್ಯದ ರೇಷ್ಮೆಯ ಮುಖ್ಯ ನೆಲೆಯಾಗಿದ್ದದ್ದೇ ನಮ್ಮ ನೆರೆಯ ಕೊಳ್ಳೇಗಾಲ, ನಮ್ಮ ಅಜ್ಜನೂ ಹಿಪ್ಪುನೇರಳೆ ಬೆಳೆದವನು. ಆದರೆ ಅರುವತ್ತು ರೇಷ್ಮೆ ಶಾಲುಗಳ ಬೆಲೆ ಕೇಳಿದ್ದರೆ ಮೇಷ್ಟ್ರು ರಾಜ್ಯೋತ್ಸವವನ್ನೇ ಮುಂದೂಡುತ್ತಿದ್ದರು.

ಭಾನುವಾರ ಊರಿಗೆ ಹೋದಾಗ ಅವ್ವ ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಚಿಕ್ಕಂದಿನಲ್ಲಿ ಈ ಬೀಜವನ್ನು ಸಾಬರೊಬ್ಬರು ಮೂಟೆ ಕಟ್ಟಿಕೊಂಡು ಹೋಗುತ್ತಿದ್ದರು. ಎಲ್ಲಿಗೆಂದು ನಾವು ಕೇಳಿದವರಲ್ಲ. ಈ ಕಸುಬಿಗೆ ಬಂದ ಮೇಲೆ ತಿಳಿಯಿತು: ಹುಣಸೆಬೀಜದ ಪುಡಿಯಿಂದ ನೂಲಿಗೆ ಗಂಜಿ ಮಾಡುತ್ತಾರೆ, ಅಚ್ಚಿನ ಬಣ್ಣವನ್ನು ಮಂದವಾಗಿಸಲೂ ಬಳಸುತ್ತಾರೆ. ಅದನ್ನು ಹೇಳಿದಾಗ ಅವ್ವನಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. “ಕೆಳಗಡೆ ಸತ್ಯಮಂಗಲದಲ್ಲಿ ನಮ್ಮ ಮಾತಾಡೋ ನೇಯ್ಗೆಯವರು ಅವರಲ್ಲ, ಅವರನ್ನ ಕೇಳು ಕೂಸೆ” ಎಂದಳು.

ದೇವಾಂಗರ ವಿಷಯ ನನಗೆ ತಿಳಿಯದ್ದೇನಲ್ಲ. ಸತ್ಯಮಂಗಲ, ಗೋಬಿಚೆಟ್ಟಿಪಾಳಯ, ಸಿರುಮುಗೈ, ಸೇಲಂವರೆಗೂ ಮನೆಯೊಳಗೆ ಕನ್ನಡವಾಡುವ ನೇಕಾರ ಕುಟುಂಬಗಳಿವೆ. ಶತಮಾನಗಳ ಹಿಂದೆ ಕನ್ನಡ ನೆಲದಿಂದ ಇಳಿದು ಬಂದವರೆಂದು ಅವರೇ ಹೇಳಿಕೊಳ್ಳುತ್ತಾರೆ. ಬೀದಿಯ ತುದಿಯಲ್ಲಿ ಚೌಡೇಶ್ವರಿಯ ಗುಡಿ ಕಂಡರೆ ಅದು ಅವರ ಬೀದಿ. ಆರು ತಿಂಗಳಿಂದ ನಾನು ಬಟ್ಟೆಗಾಗಿ ಆ ದಾರಿಯಲ್ಲಿಯೇ ಬಸ್ಸಿನಲ್ಲಿ ಓಡಾಡುತ್ತಿದ್ದರೂ ಒಂದು ಸಲವೂ ಇಳಿದಿರಲಿಲ್ಲ.

ಹಳಗನ್ನಡದಲ್ಲಿ ಬಟ್ಟೆಯೆಂದರೆ ದಾರಿ. ಪಂಪನನ್ನು ಓದುವಾಗ ಈ ಪದಕ್ಕೆ ಉಡುಪಿನ ಅರ್ಥ ಹಚ್ಚಿ ತರಗತಿಯನ್ನೆಲ್ಲ ನಗಿಸಿದವಳು ನಾನು. ಎರಡೂ ಬೇರೆ ಬೇರೆ ಮೂಲಗಳಿಂದ ಬಂದು ಒಂದೇ ರೂಪ ತಾಳಿದ ಪದಗಳೆಂದು ಮೇಷ್ಟ್ರು ಅಂದು ತಿದ್ದಿದ್ದರು. ಸತ್ಯಮಂಗಲದ ಆ ಬೀದಿಯಲ್ಲಿ ಇಳಿದಾಗ ಅದು ನೆನಪಾಗಿ ಒಬ್ಬಳೇ ನಕ್ಕೆ.

ನಾನು ಹೋದ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿತ್ತು. ಗುಂಡಿಮಗ್ಗದ ಮುಂದೆ ಕುಳಿತಿದ್ದರು. ನಾನು ತಮಿಳಿನಲ್ಲಿ ವ್ಯವಹಾರ ಶುರುಮಾಡಿದೆ. ಅವರೂ ತಮಿಳಿನಲ್ಲಿಯೇ ಉತ್ತರಿಸಿದರು. ನಡುವೆ ಅವ್ವನ ಫೋನ್ ಬಂದು ನಾನು ಎರಡು ಮಾತು ಕನ್ನಡದಲ್ಲಿ ಆಡಿದ್ದೇ ತಡ, ಲಾಳಿ ನಿಂತಿತು. “ಬೆಟ್ಟದ ಮೇಲಿನವಳಾ ಅಮ್ಮಾ ನೀನು?” ಎಂದರು. ಅವರ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದರು. ಅಲ್ಲಿಂದ ಮುಂದೆ ಅವರು ನನಗೆ ತಾತ. ಅವರ ಕನ್ನಡದ ಅರ್ಧದಷ್ಟು ಕಸುಬಿನ ಪದಗಳು ತಮಿಳಿನವು. ನಾನು ಹಾಸು ಎಂದದ್ದಕ್ಕೆ ಅವರು ಪಾವು ಎಂದರು. ಅಜ್ಜಿ ಮಾತ್ರ ತಲೆಯಾಡಿಸಿ, ತಮ್ಮ ಅತ್ತೆಯವರು ಹಾಸು ಎಂದೇ ಹೇಳುತ್ತಿದ್ದರೆಂದರು. ‘ಹಾಸುಹೊಕ್ಕು’ ಎಂಬ ನುಡಿಯನ್ನು ನಾನು ಪರೀಕ್ಷೆಯ ಉತ್ತರಗಳಲ್ಲಿ ಎಷ್ಟು ಸಲ ಬರೆದಿರಬಹುದು! ಜೇಡರ ದಾಸಿಮಯ್ಯನ ಮೇಲಿನ ಪ್ರಬಂಧದಲ್ಲಿಯೂ ಭಕ್ತಿ ಬದುಕಿನಲ್ಲಿ ಹಾಸುಹೊಕ್ಕಾಗಿದೆ ಎಂದು ಬರೆದು ಅಂಕ ಗಿಟ್ಟಿಸಿದ್ದೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಕ್ಕೆ ಲಾಳಿ ಒಯ್ಯುವ ಎಳೆ ಹೊಕ್ಕು ಎಂಬುದನ್ನು ಕಣ್ಣಾರೆ ಕಂಡದ್ದು ಅಂದೇ.

ತಾತನ ಬಟ್ಟೆ ಸಾದಾ ನೇಯ್ಗೆಯ ಹತ್ತಿ, ಬಿಳುಪು ಮಾಡದ ಹಾಲುಬಣ್ಣ. ಎಳೆ ಸುಟ್ಟು ನೋಡಿದೆ. ಮೆತ್ತನೆಯ ಬೂದಿ ಬಿತ್ತು. ಅವರು ಬೇಸರಿಸಿಕೊಳ್ಳಲಿಲ್ಲ, ಇನ್ನೊಂದು ಎಳೆ ಕಿತ್ತುಕೊಟ್ಟು ಅದನ್ನೂ ಸುಡೆಂದರು. ದಿನಕ್ಕೆ ಐದು ಮೀಟರು ನೇಯಬಲ್ಲೆ, ಮಳೆ ಬಾರದಿದ್ದರೆ ಎಂದರು. ಮೀಟರಿಗೆ 160 ರೂಪಾಯಿ. ವಿದ್ಯುತ್ ಮಗ್ಗದ ಬಟ್ಟೆ ನಮಗೆ 65ಕ್ಕೆ ಸಿಗುತ್ತಿತ್ತು. ಮೇಷ್ಟ್ರಿಗೆ ಹೇಳಿದಾಗ ಒಂದು ಕ್ಷಣ ಮೌನವಾಗಿ, ಶಾಲಿನ ಉದ್ದ ತುಸು ಕಡಿಮೆ ಮಾಡಲಾಗದೇ ಎಂದರು. ಮಾಡಲಿಲ್ಲ.

ನೂಲು ಎಲ್ಲಿಯದೆಂದು ಕೇಳಿದೆ. ಸಹಕಾರ ಸಂಘದಿಂದ ಬಂದ ಲಡಿ, ಕೊಯಮತ್ತೂರು ಕಡೆಯ ಗಿರಣಿಯದು. ಅದರಾಚೆ? ಗಿರಣಿಯಲ್ಲಿ ಬೇರೆ ಬೇರೆ ಊರುಗಳ ಹತ್ತಿಯ ಅಂಡಿಗೆಗಳನ್ನು ಬೆರೆಸಿಯೇ ನೂಲು ತೆಗೆಯುತ್ತಾರೆ. ಯಾರ ಹೊಲದ್ದೆಂದು ಬಿಡಿಸಲಾಗದು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ದೇಶದ ಬಹುಪಾಲು ಹತ್ತಿ ಅದೇ ಆಗಿರುವಾಗ ಇದನ್ನು ಸಾವಯವವೆಂದು ಕರೆಯುವ ಧೈರ್ಯ ಯಾರಿಗಿದೆ? ನನ್ನ ದಾರಿ ನೂಲಿನ ಲಡಿಯ ಬಳಿ ಕೊನೆಯಾಯಿತು. ಅದನ್ನು ಹಾಗೆಯೇ ಒಪ್ಪಿಕೊಂಡೆ.

ಮಳೆ ಬಂತು. ಹಿಂಗಾರು ಬೇಗ ಹಿಡಿಯಿತು. ಹಾಸನ್ನು ಬೀದಿಯುದ್ದಕ್ಕೆ ಹಿಡಿದು ಗಂಜಿ ಹಚ್ಚಿ ಒಣಗಿಸಬೇಕು, ಮಳೆಯಲ್ಲಿ ಅದಾಗದು. ಗುಂಡಿಮಗ್ಗದ ಗುಂಡಿಗೆ ನೀರು ಒಸರಿತು. ನೀರು ಎತ್ತಿ ಹಾಕಿ, ಕಾಲಡಿಗೆ ಗೋಣಿ ಹಾಸಿಕೊಂಡು ನೇಯುತ್ತಿದ್ದಾರೆಂದು ಅಜ್ಜಿ ಫೋನಿನಲ್ಲಿ ಹೇಳಿದರು. ಕಡೆಗೆ ಪಕ್ಕದ ಮನೆಯ ಮಗ್ಗವೂ ಸೇರಿ 120 ಮೀಟರು ಮುಗಿಯುವಾಗ ಅಕ್ಟೋಬರ್ ಎರಡನೆಯ ವಾರ. ಅಷ್ಟರೊಳಗೆ ಮೊದಲು ನೇಯ್ದ ಎರಡು ಮೀಟರನ್ನು ನಾನು ಘಟಕದಲ್ಲಿ ಅಚ್ಚು ಹಾಕಿ ನೋಡಿದ್ದೆ. ಅನಾಹುತ. ಗಂಜಿ ಸರಿಯಾಗಿ ಹೋಗದ ಕಡೆ ಅಕ್ಷರಗಳು ಚುಕ್ಕೆ ಚುಕ್ಕೆಯಾಗಿ ತೇಲಿದವು, ‘ಕ್ಷ’ ಓದಲಾಗದಂತಾಯಿತು. ಅದಕ್ಕಿಂತ ಕೆಟ್ಟದ್ದು ಗಂಟು. ಎಳೆ ತುಂಡಾದಾಗ ನೇಕಾರರು ಗಂಟು ಹಾಕಿ ಮುಂದುವರಿಯುತ್ತಾರೆ. ನಮ್ಮ ಯಂತ್ರದ ಶಾಯಿ ಚಿಮ್ಮುವ ತಲೆ ಬಟ್ಟೆಯಿಂದ ಎರಡು ಮೂರು ಮಿಲಿಮೀಟರು ಮೇಲೆ ಓಡುತ್ತದೆ. ಒಂದು ಗಂಟು ಅದಕ್ಕೆ ತಗುಲಿ ಕಿರ್ರೆಂದಿತು. ಆ ತಲೆ ಕೆಟ್ಟರೆ ನನ್ನ ವರ್ಷದ ಸಂಬಳವೂ ಸಾಲದು. ಯಜಮಾನರು ಏನೂ ಬೈಯಲಿಲ್ಲ. ಗಂಟಿರುವ ಬಟ್ಟೆ ಇನ್ನು ಯಂತ್ರದ ಹತ್ತಿರ ಬರಬಾರದೆಂದು ಹೇಳಿ ಹೋದರು.

ತಾತನಿಗೆ ಹೇಳಲು ನಾಚಿಕೆಯಾಯಿತು. ಯಂತ್ರಕ್ಕಾಗಿ ಕೈಗೆ ತಪ್ಪು ಹೊರಿಸಿದಂತಾಗುತ್ತದಲ್ಲ. ಅವರು ಕೇಳಿಸಿಕೊಂಡು, ಇನ್ನು ಮುಂದೆ ಗಂಟೆಲ್ಲ ಒಂದೇ ಮಗ್ಗುಲಿಗೆ ಬರುವಂತೆ ಹಾಕುತ್ತೇನೆ, ನೀನು ಮತ್ತೊಂದು ಮಗ್ಗುಲಿಗೆ ಅಚ್ಚು ಹಾಕು ಎಂದರು. ಇಷ್ಟು ಸರಳ ಉಪಾಯ ನಮ್ಮ ಘಟಕದ ಎಂಜಿನಿಯರಿಗೂ ಹೊಳೆದಿರಲಿಲ್ಲ. ಆದರೂ ಎರಡೂ ಮಗ್ಗುಲನ್ನು ಕೈಯಾಡಿಸಿ ನೋಡುವುದು ತಪ್ಪಲಿಲ್ಲ. ಆ ಕೆಲಸ ಅವ್ವನದಾಯಿತು. ತರಕಾರಿ ಇಳಿಸಿ ಮರಳುತ್ತಿದ್ದ ಗಾಡಿಯೊಂದರಲ್ಲಿ ಬಟ್ಟೆಯ ಗಂಟು ಏರಿಸಿಕೊಂಡು ಹೊರಟೆ. ಬಣ್ಣಾರಿಯ ಚೆಕ್‌ಪೋಸ್ಟು ಮುಟ್ಟುವಾಗ ಸಂಜೆ ಮೀರಿತ್ತು. 2022ರ ಫೆಬ್ರವರಿಯಿಂದ ಉಚ್ಚ ನ್ಯಾಯಾಲಯದ ಆದೇಶದಂತೆ ಸರಕಿನ ಗಾಡಿಗಳು ರಾತ್ರಿ ಘಾಟಿ ಹತ್ತುವಂತಿಲ್ಲ. ಮಾರಿಯಮ್ಮನ ಗುಡಿಯ ಜಗುಲಿಯ ಮೇಲೆ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿದೆ. ರಾತ್ರಿ ಕಾಡಿನ ದಾರಿ ಆನೆ, ಹುಲಿಗಳದಾಗಿರಲಿ ಎಂಬ ಆದೇಶವದು. ತುರ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕಾದ ನಮ್ಮವರ ಗೋಳು ಬೇರೆಯೇ ಇದೆ, ಅದು ಇನ್ನೊಂದು ಪ್ರಬಂಧದ ವಿಷಯ.

ಮರುದಿನ ನಮ್ಮ ಜಗುಲಿಯ ಮೇಲೆ ಅವ್ವ, ಚಿಕ್ಕವ್ವ, ಪಕ್ಕದ ಮನೆಯ ಇಬ್ಬರು ಕುಳಿತು ಗೇಣು ಗೇಣಾಗಿ ಬಟ್ಟೆಯನ್ನು ತಡವಿದರು. ರಾಗಿಯಲ್ಲಿ ಕಲ್ಲು ಆರಿಸುವ ಬೆರಳುಗಳಿಗೆ ಗಂಟು ಸಿಗುವುದು ಎಷ್ಟು ಹೊತ್ತು! ಕಂಡ ಗಂಟನ್ನು ಸಣ್ಣ ಕತ್ತರಿಯಿಂದ ಸವರಿದರು. ಕೂಲಿ ಕೊಟ್ಟೆ, ಅವ್ವ ತನ್ನದನ್ನೂ ಎಣಿಸಿ ತೆಗೆದುಕೊಂಡಳು. ಆಮೇಲೆ ಗಂಜಿ ಬಿಡಿಸಲು ಕಿಣ್ವದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಸೋಡಾ ಹಾಕಿ ಕುದಿಸಿ, ತೊಳೆದು ಒಣಗಿಸಿದೆವು. ಬಿಳುಪು ಮಾಡಿಸಲಿಲ್ಲ. ಅಚ್ಚಿಗೆ ಈ ಸಲ ಪಿಗ್ಮೆಂಟ್ ಶಾಯಿಯನ್ನು ಆರಿಸಿಕೊಂಡೆ. ಅದಕ್ಕೆ ಹಬೆಯೂ ಬೇಡ, ತೊಳೆಯುವುದೂ ಬೇಡ. 150 ಡಿಗ್ರಿಯ ಬಿಸಿಯಲ್ಲಿ ಕೆಲವು ನಿಮಿಷ ಹಾಯಿಸಿದರೆ ಸಾಕು. ಆದರೆ ಬಣ್ಣವನ್ನು ಬಟ್ಟೆಗೆ ಹಿಡಿಸುವ ಅದರ ಅಂಟು ಪ್ಲಾಸ್ಟಿಕ್ಕಿನ ಕುಲದ್ದೇ. ನೀರು ಉಳಿಸಿ ಅಂಟು ಹಚ್ಚುವುದೋ, ಅಂಟು ಬಿಟ್ಟು ನೀರು ಕೆಡಿಸುವುದೋ? ಇಡೀ ಸೀರೆಗೆ ಅಚ್ಚು ಹಾಕುವುದಾಗಿದ್ದರೆ ನನ್ನ ಉತ್ತರ ಬೇರೆಯಿರುತ್ತಿತ್ತು. ಶಾಲಿನ ತುದಿಗಳಲ್ಲಿ ಬರುವುದು ನಾಲ್ಕು ಬೆರಳಗಲದ ಅಕ್ಷರಪಟ್ಟಿ. ಅಷ್ಟಕ್ಕೆ ನೀರು ಬೇಡವೆಂದು ತೀರ್ಮಾನಿಸಿದೆ.

ಚೀಟಿ ಬರೆಯುವ ದಿನ ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟುಕೊಂಡೆ. ‘ಸುಸ್ಥಿರ’ ಬರೆಯಲಿಲ್ಲ. ‘ಸತ್ಯಮಂಗಲದಲ್ಲಿ ಕೈಮಗ್ಗದ ಮೇಲೆ ನೇಯ್ದ ಹತ್ತಿ. ನೂಲು ಗಿರಣಿಯದು, ಹತ್ತಿ ಯಾವ ಹೊಲದ್ದೆಂದು ತಿಳಿಯದು. ಬಿಳುಪು ಮಾಡಿಲ್ಲ. ಗಂಟು ತೆಗೆದದ್ದು ತಾಳವಾಡಿಯಲ್ಲಿ. ಅಚ್ಚಿನ ಶಾಯಿಯಲ್ಲಿ ಕೃತಕ ಅಂಟು ಇದೆ’ ಎಂದು ಬರೆದೆ. ಯಜಮಾನರು ಓದಿ, ಇದನ್ನು ನೋಡಿದವರು ಕೊಳ್ಳುತ್ತಾರೆಯೇ ಎಂದರು. ಈಗಾಗಲೇ ಕೊಂಡಿದ್ದಾರಲ್ಲ ಎಂದೆ. ಅದೇ ದಿನ ಮೈಸೂರಿನ ಅಂಗಡಿಯವರಿಗೂ ಪತ್ರ ಬರೆದು ಹಳೆಯ ಬಟ್ಟೆಯಲ್ಲಿ ಪಾಲಿಯೆಸ್ಟರ್ ಇದ್ದುದನ್ನು ತಿಳಿಸಿದೆ. ಸಾಗಿಸುವ ಮೊದಲು ಹೇಳಬೇಕಾಗಿತ್ತೆಂದು ಒಂದು ಸಾಲಿನ ಉತ್ತರ ಬಂತು. ಆಮೇಲೆ ಅವರಿಂದ ಬೇಡಿಕೆ ಬಂದಿಲ್ಲ. ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದಾಗ, ನೀನೇ ಇದನ್ನು ವಿಭಾಗದ ಪತ್ರಿಕೆಗೆ ಬರೆದುಕೊಡು ಎಂದರು. ಶಿಕ್ಷೆಯೋ ಪ್ರೀತಿಯೋ ನನಗಿನ್ನೂ ಗೊತ್ತಾಗಿಲ್ಲ.

ಶಾಲುಗಳಲ್ಲಿ ಒಂದನ್ನು ಹೆಚ್ಚಿಗೆ ಅಚ್ಚು ಹಾಕಿದ್ದೆ. ನವೆಂಬರ್ ಎರಡನೆಯ ವಾರ ಅದನ್ನು ತಾತನಿಗೆ ಕೊಡಲು ಹೋದೆ. ಅವರು ಕನ್ನಡ ಆಡಬಲ್ಲರು, ಓದಲಾರರು; ಅವರ ಮನೆಯಲ್ಲಿ ಯಾರೂ ಓದಲಾರರು. ಏನು ಬರೆದಿದೆಯೆಂದು ಅಜ್ಜಿ ಕೇಳಿದರು. ಬೆರಳಿಟ್ಟು ಅ, ಆ, ಇ, ಈ ಎಂದು ಓದಿದೆ. ಬಾಗಿಲಲ್ಲಿ ನಿಂತ ಮೊಮ್ಮಗಳು ನಾನು ಓದಿದಂತೆ ಪಿಸುಗುಟ್ಟುತ್ತ ಬಂದು, ‘ಳ’ದ ಹತ್ತಿರ ಬರುವಾಗ ನನಗಿಂತ ಮೊದಲೇ ‘ಳ’ ಎಂದಳು. ತಾತ ಅಕ್ಷರಗಳ ಕಡೆ ನೋಡಲೇ ಇಲ್ಲ. ಶಾಲನ್ನು ಕೈಗೆ ತೆಗೆದುಕೊಂಡು, ಮಗುಚಿ, ಹಿಂಬದಿಯ ಮೇಲೆ ಅಂಗೈಯನ್ನು ನಿಧಾನವಾಗಿ ಎಳೆದರು. ಒಂದು ಕಡೆ ಬೆರಳು ನಿಂತಿತು. ಉಗುರಿನಿಂದ ಅಲ್ಲಿದ್ದ ಗಂಟನ್ನು ಚಿವುಟಿ ತೆಗೆದು, ಶಾಲನ್ನು ಮಡಿಸಿ ಹೆಂಡತಿಯ ಕೈಗೆ ಕೊಟ್ಟರು.